ಬ್ರೋಮಿನ್ ನೀರಿನ ಲ್ಯಾಬಕ್ಕ

ಬೆಳಗಿನ ಆರು ಗಂಟೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕಿಟಕಿಗಳನ್ನೆಲ್ಲ ತೆರೆದಿಟ್ಟು ಲ್ಯಾಬಕ್ಕ ಹೊಸದಾಗಿ ಕಿತ್ತಳೆ ಬಣ್ಣದ ಬ್ರೋಮಿನ್ ನೀರು ಬೆರೆಸುತ್ತಿದ್ದಾರೆ. ನಿನ್ನೆ ಮಾಡಿಟ್ಟದ್ದು ಬಿಳಿಚಿಕೊಂಡಿದೆ. ಯಾರೋ ಮುಚ್ಚಳ ಹಾಕದೆ ಹೋಗಿದ್ದಾರೆ.

“ಮುಚ್ಚಿ ಅಂತ ಗೋಡೆ ಮೇಲೆ ಬರೆದಿದೀನಿ, ಬಾಟ್ಲಿ ಮೇಲೆ ಬರೆದಿದೀನಿ. ಇನ್ನು ಅವರ ಹಣೆ ಮೇಲೆ ಬರೆಯೋದೊಂದು ಬಾಕಿ.”

ಗಂಡ ತೀರಿಕೊಂಡ ಮೇಲೆ ನೆಲ ಒರೆಸಲು ಇಲ್ಲಿಗೆ ಸೇರಿದವರು. ಇಪ್ಪತ್ತಾರು ವರ್ಷದಲ್ಲಿ ಪಾಠ ಕಿವಿಗೆ ಬಿದ್ದೂ ಬಿದ್ದೂ ಸಹಾಯಕಿಯಾಗಿದ್ದಾರೆ. ದಿನಕ್ಕೆ ಇನ್ನೂರ ನಲವತ್ತು ಗಾಜಿನ ನಳಿಕೆ ತೊಳೆಯುವ ಕೈಗಳ ಚರ್ಮ ಸುಲಿದಿದೆ. ಬಟ್ಟೆಗೆ ಅಂಟಿದ ಘಾಟಿಗೆ ಮನೆಯಲ್ಲಿ ಅತ್ತೆ ಮೂಗು ಮುಚ್ಚಿಕೊಂಡು ಆಚೆ ಸರಿದು ಕೂರುತ್ತಾರೆ.

ಈ ನೀರಿನಿಂದ ಗುರುತಿಸುವ ಆಲ್ಕೀನ್ ಎಂದರೇನೆಂದು ನಾನು ಕೇಳಿದರೆ ನಿಟ್ಟುಸಿರು ಬಿಡುತ್ತಾರೆ. “ಎರಡು ಇಂಗಾಲದ ಮಧ್ಯೆ ಜೋಡಿ ಬಂಧ. ಒಂದು ಗಟ್ಟಿ, ಇನ್ನೊಂದು ಸಡಿಲ. ಬ್ರೋಮಿನ್ ಬಂದ್ರೆ ಸಡಿಲದ್ದು ಬಿಚ್ಕೊಳ್ಳತ್ತೆ, ಇಂಗಾಲಕ್ಕೊಂದೊಂದು ಬ್ರೋಮಿನ್ ಸೇರ್ಕೊಳ್ಳತ್ತೆ. ಬಣ್ಣ ಮಾಯ. ಇಷ್ಟಕ್ಕೆ ವರ್ಷಕ್ಕೆ ನಾಲ್ಕು ಲೀಟರ್ ಚೆಲ್ತಾರೆ.”

ಕಳೆದ ತಿಂಗಳು ಅಂತಿಮ ಪ್ರಾಯೋಗಿಕ ಪರೀಕ್ಷೆಯ ದಿನ ಹೊಸ ಬಾಟಲಿಗಳು ಬಂದವು. ಒಂದರ ಮೇಲೆ ಸೈಕ್ಲೋಹೆಕ್ಸೇನ್, ಇನ್ನೊಂದರ ಮೇಲೆ ಸೈಕ್ಲೋಹೆಕ್ಸೀನ್. ಎರಡೂ ನೀರಿನ ಹಾಗೆ ತಿಳಿ. ಮೊದಲನೆಯದರಲ್ಲಿ ಜೋಡಿ ಬಂಧವಿಲ್ಲ, ಬಣ್ಣ ಹೋಗಬಾರದು; ಎರಡನೆಯದು ಆಲ್ಕೀನ್, ಹೋಗಬೇಕು. ಆದರೆ ಸುರಿಯುವಾಗ ಅದರಿಂದಲೇ ಆಲ್ಕೀನಿನ ಘಾಟು ಬಂತು. ಚೀಟಿ ಅದಲುಬದಲಾಗಿದೆ ಎಂದು ಉಪನ್ಯಾಸಕರಿಗೆ ಹೇಳಿದರು.

“ಕಂಪನಿಯವರು ಹಾಕಿರೋ ಚೀಟಿ, ಲ್ಯಾಬಕ್ಕ. ನೀವು ತಲೆ ಕೆಡಿಸ್ಕೋಬೇಡಿ.”

ವಿಭಾಗದ ಮುಖ್ಯಸ್ಥರ ಬಳಿ ಹೋದರೆ ಅವರು ಗಡಿಯಾರ ನೋಡಿದರು. ಹೊರಗೆ ಅರವತ್ತು ವಿದ್ಯಾರ್ಥಿಗಳು ಸಾಲು ನಿಂತಿದ್ದರು. ಕಣ್ಣಾರೆ ಸರಿಯಾಗಿ ಕಂಡು ಬರೆದವರೇ ನಪಾಸಾಗುವ ಪರೀಕ್ಷೆ ಅದಾಗುತ್ತಿತ್ತು.

ಲ್ಯಾಬಕ್ಕ ಮಾತು ನಿಲ್ಲಿಸಿ, ಎರಡೂ ಬಾಟಲಿಯಿಂದ ಒಂದೊಂದು ನಳಿಕೆಗೆ ಸುರಿದು ತಂದು ಉಪನ್ಯಾಸಕರ ಮೇಜಿನ ಮೇಲಿಟ್ಟು, ಎರಡಕ್ಕೂ ಬ್ರೋಮಿನ್ ನೀರು ಹನಿಸಿ ಅಲುಗಾಡಿಸಿದರು. ಸೈಕ್ಲೋಹೆಕ್ಸೇನ್ ಎಂದು ಬರೆದಿದ್ದ ಬಾಟಲಿಯ ನಳಿಕೆಯಲ್ಲೇ ಬಣ್ಣ ಹಾರಿಹೋಯಿತು. ಇನ್ನೊಂದರಲ್ಲಿ ಹಾಗೇ ಉಳಿಯಿತು. ಉಪನ್ಯಾಸಕರು ಚೀಟಿ ಕೀಳತೊಡಗಿದರು. ಪರೀಕ್ಷೆ ಹತ್ತು ನಿಮಿಷ ತಡವಾಗಿ ಶುರುವಾಯಿತು.

ಆ ದಿನದ ಪರೀಕ್ಷಾ ವರದಿಯಲ್ಲಿ ‘ವಿಭಾಗದ ಮುನ್ನೆಚ್ಚರಿಕೆ’ ಎಂದಷ್ಟೇ ಇದೆ, ಲ್ಯಾಬಕ್ಕನ ಹೆಸರಿಲ್ಲ. ಬೇಸರವಿಲ್ಲವೇ ಎಂದು ಕೇಳುತ್ತೇನೆ.

“ಇಲ್ಲ ಅಂದ್ರೆ ಸುಳ್ಳಾಗತ್ತೆ. ಹೆಸರು ಹಾಕೋದು ಬೇಡ ಬಿಡಿ. ‘ಒಂದ್ಸಲ ನೋಡಿ’ ಅಂದಾಗ ನೋಡಿದ್ರೆ ಸಾಕು.” ಒದ್ದೆ ಕೈ ಒರೆಸಿಕೊಳ್ಳುತ್ತ ಸೇರಿಸುತ್ತಾರೆ: “ಅವತ್ತು ಅರವತ್ತು ಮಕ್ಕಳಿಗೂ, ಕಂಡಿದ್ದನ್ನ ಕಂಡ ಹಾಗೆ ಬರೆದಿದ್ದಕ್ಕೇ ಅಂಕ ಸಿಕ್ತು.”