ಅಂಜುಬುರುಕಿ ಅಧ್ಯಕ್ಷೆಯ ವೋಟು

ಗಿರಿಜಾದೇವಿ ಹಗ್ಗ ಕಂಡರೂ ಹಾವೆಂದು ಹಾರುವ ಹೆಂಗಸು. ಲಂಡನ್ನಿನ ಟೂಟಿಂಗ್‌ಗೆ ಬಂದು ಹದಿನೈದು ವರ್ಷವಾದರೂ ಒಬ್ಬಳೇ ಲಿಫ್ಟ್ ಹತ್ತುತ್ತಿರಲಿಲ್ಲ. ಜಿಪಿ ಸರ್ಜರಿಯಲ್ಲಿ, ಎಂದರೆ ಬೀದಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್ ಕೆಲಸ. ಫೋನು ಹೊಡೆದುಕೊಂಡರೆ ಮೊದಲು ಬೆಚ್ಚುವುದು, ಆಮೇಲೆ ಎತ್ತುವುದು. ಇಂಥವಳನ್ನು ನಮ್ಮ ವಾರ್ಡಿನ ಪಕ್ಷದ ಶಾಖೆಗೆ ಅಧ್ಯಕ್ಷೆ ಮಾಡಿದವರು ನಾವೇ. ಇರಾಕ್ ಯುದ್ಧ ಶುರುವಾದಾಗಿನಿಂದ ಶಾಖೆ ಯುದ್ಧದ ಪರ, ವಿರೋಧ ಎಂದು ಎರಡು ಹೋಳಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಯಾರ ಮನಸ್ಸನ್ನೂ ನೋಯಿಸಲು ಹೆದರುವವಳು ಅವಳೊಬ್ಬಳೇ ಇದ್ದಳು.

ಅದು 2005. ಮುಂದಿನ ಮೇ ತಿಂಗಳ ಕೌನ್ಸಿಲ್ ಚುನಾವಣೆಗೆ ಶಾಖೆಯವರು ಒಬ್ಬ ಅಭ್ಯರ್ಥಿಯನ್ನು ಆರಿಸಬೇಕಿತ್ತು. ನಿಂತವರು ಇಬ್ಬರು. ಒಬ್ಬಳು ಬೆಂಗಳೂರಿನ ಕಾಮಾಕ್ಷಿ, ಶಾಲೆಯ ಟೀಚರ್, ಯುದ್ಧ ಬೇಡವೆಂದು ಮೆರವಣಿಗೆ ಹೋದವಳು. ನಾನು ಅವಳ ಕಡೆ. ಇನ್ನೊಬ್ಬಳು ಮೋರೀನ್, ಟೂಟಿಂಗ್‌ನಲ್ಲೇ ಹುಟ್ಟಿ ಬೆಳೆದ ಬಸ್ ಡ್ರೈವರ್, ವಿಧವೆ. ಅವಳ ಒಬ್ಬನೇ ಮಗ ಸೈನಿಕನಾಗಿ ಇರಾಕಿನ ಬಸ್ರಾದಲ್ಲಿದ್ದ. ವೋಟು ಸಮ ಬಂದರೆ ಅಧ್ಯಕ್ಷೆಯ ವೋಟೇ ಕೊನೆಯದು. ಸಮ ಬರುವುದಂತೂ ಎಲ್ಲರಿಗೂ ಗೊತ್ತಿತ್ತು.

ಆಗಲೇ ಗಿರಿಜಾದೇವಿ ಎಡವಟ್ಟು ಮಾಡಿಕೊಂಡಳು. ನವರಾತ್ರಿಯಲ್ಲಿ ಕಾಮಾಕ್ಷಿ ವೋಟು ಕೇಳಲು ಹೋದಾಗ ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಇಟ್ಟು ಉಡಿ ತುಂಬಿ ಕಳಿಸಿದಳು. ಅವಳು ಧಾರವಾಡದವಳು; ಅಲ್ಲಿ ಮನೆಗೆ ಬಂದ ಮುತ್ತೈದೆಗೆಲ್ಲ ಹಾಗೆ ಮಾಡುತ್ತಾರಂತೆ. ನಮ್ಮ ಬೆಂಗಳೂರು ಕಡೆ ಮಡಿಲು ತುಂಬುವುದು ಮನೆಮಗಳಿಗೆ. ಕಾಮಾಕ್ಷಿ ಕಣ್ಣೀರು ಹಾಕಿಕೊಂಡು, "ಗಿರಿಜಾ ನನ್ನನ್ನ ಮಗಳು ಅಂದ್ಕೊಂಡಿದ್ದಾಳೆ, ವೋಟು ನಮ್ಮದೇ" ಎಂದು ಊರೆಲ್ಲ ಸಾರಿದಳು. ಮೋರೀನ್ ಹೋದಾಗ ಸಿಕ್ಕಿದ್ದು ಚಹಾ ಮಾತ್ರ ಎಂಬುದೂ ಜೊತೆಗೇ ಹರಡಿತು.

ಆಮೇಲೆ ಫೋನುಗಳು ಶುರುವಾದವು. ಹೆಸರು ಹೇಳದ ಒಂದು ಗಂಡುದನಿ, ನೀನು ಯಾವ ಬಸ್ಸಿಗೆ ಕೆಲಸಕ್ಕೆ ಹೋಗುತ್ತೀ ಎಂದು ನಮಗೆ ಗೊತ್ತು ಎಂದಿತು. ಅಷ್ಟೇ ಸಾಕಾಯಿತು. ಅವಳು ಬಸ್ಸು ಬಿಟ್ಟು ನಡೆದೇ ಹೋಗತೊಡಗಿದಳು, ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತ.

"ರಾಜೀನಾಮೆ ಕೊಟ್ಟು ಬಿಡು, ನಮಗ್ಯಾಕ ಬೇಕು ಈ ಉಸಾಬರಿ?" ಎಂದ ಗಂಡ ನಾಗಲಿಂಗಪ್ಪ, ನಾನು ಅವರ ಮನೆಗೆ ಹೋಗಿದ್ದ ದಿನ.

"ಕೊಡ್ಲಿಕ್ಕೂ ಅಂಜಿಕಿ ಬರ್ತದರೀ. ಎರಡೂ ಕಡಿಯವರು ಬೈತಾರ."

ಕೇಳಿ ನಾನು ನಕ್ಕೆ. ಅವಳು ಎದ್ದು ಕಿಟಕಿಯ ಪರದೆ ಸರಿಸಿ ಬೀದಿ ನೋಡಿದ ಮೇಲೆ ನಗಲಿಲ್ಲ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಚರ್ಚ್ ಹಾಲಿನಲ್ಲಿ ಸಭೆ. ಮೋರೀನ್ ಎದ್ದು ಮಾತಾಡುವಾಗ ನಮ್ಮ ಕಡೆಯವನೊಬ್ಬ, ನಿನ್ನ ಮಗ ಅಲ್ಲಿ ಕೊಲ್ಲುವುದಕ್ಕೆ ಹೋಗಿದ್ದಾನೆ ಎಂದು ಕೂಗಿದ. ಕುರ್ಚಿಗಳು ಉರುಳಿದವು. ಮೋರೀನ್ ಕಡೆಯ ದಢೂತಿ ಗಂಡಸೊಬ್ಬ ತೋಳೇರಿಸಿಕೊಂಡು ಬಂದ. ನಾನೂ ಹಿಂದಿನ ಸಾಲಿಗೆ ಸರಿದೆ, ಸುಳ್ಳೇಕೆ ಹೇಳಲಿ.

ಗಿರಿಜಾದೇವಿ ಎದ್ದು ನಿಂತಳು. ಮೇಜು ಹಿಡಿದುಕೊಂಡಿದ್ದಳು, ಮೇಜೂ ಅಲುಗುತ್ತಿತ್ತು.

"ನನಗೆ ನಿಮ್ಮೆಲ್ಲರನ್ನೂ ಕಂಡರೆ ಭಯ" ಎಂದಳು ಇಂಗ್ಲಿಷಿನಲ್ಲಿ. "ಫೋನಿಗೆ ಭಯ, ಬಸ್ಸಿಗೆ ಭಯ. ವೋಟು ಹಾಕಿದ ಮೇಲೆ ಅರ್ಧ ಜನ ನನ್ನನ್ನು ದ್ವೇಷಿಸುತ್ತೀರಿ, ನಾನು ಇದೇ ಬೀದಿಗಳಲ್ಲಿ ಬದುಕಬೇಕು. ನನ್ನದು ಹೇಳಿದೆ. ವೋಟಿಗೆ ಮೊದಲು, ಅಭ್ಯರ್ಥಿಗಳಾದ ನಿಮ್ಮಿಬ್ಬರಿಗೆ ಯಾತರ ಭಯ, ಹೇಳಿ."

ಮೊದಲು ಬಾಯಿ ಬಿಟ್ಟವಳು ಮೋರೀನ್. "ಸೈನ್ಯದವರು ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ, ಮನೆಗೇ ಬರುತ್ತಾರೆ. ಮನೆ ಮುಂದೆ ಕಾರು ನಿಂತರೆ ನನ್ನ ಉಸಿರು ನಿಲ್ಲುತ್ತದೆ. ಯುದ್ಧ ಸರಿಯೋ ತಪ್ಪೋ, ನನ್ನ ಮಗ ಮನೆಗೆ ಬಂದರೆ ಸಾಕು" ಎಂದಳು.

ಕಾಮಾಕ್ಷಿ ತಲೆ ತಗ್ಗಿಸಿದಳು. "ಮೆರವಣಿಗೆಯಲ್ಲಿ ನಾನು ಕೂಗಿದ್ದೂ ಅದನ್ನೇ. ಅವರನ್ನು ಮನೆಗೆ ಕರೆಸಿ ಅಂತ" ಎಂದಳು. ದನಿ ಸಣ್ಣದಾಗಿತ್ತು.

ಮೂರು ವರ್ಷದಲ್ಲಿ ಮೊದಲ ಸಲ ಶಾಖೆ ಒಂದು ಮಾತಿಗೆ ಒಪ್ಪಿತು. ಸೈನಿಕರನ್ನು ಬೇಗ ಮನೆಗೆ ಕರೆಸಬೇಕು ಎಂಬ ಒಂದೇ ಸಾಲಿನ ಠರಾವಿಗೆ ಆ ದಢೂತಿಯೂ ಕೈ ಎತ್ತಿದ. ಹಾಗೆಂದು ಎಲ್ಲ ಹಾಲುಜೇನಾಯಿತೆನ್ನಬೇಡಿ. ವೋಟು ಸಮವೇ ಬಂತು, ಗಿರಿಜಾದೇವಿ ಕಾಮಾಕ್ಷಿಗೆ ಹಾಕಿದಳು, ನಾಲ್ಕಾರು ಜನ ಬಾಗಿಲು ಬಡಿದು ಹೋದರು. ಮೋರೀನ್ ಹೋಗಲಿಲ್ಲ. ಕಾಮಾಕ್ಷಿಯ ಕೈ ಕುಲುಕಿ, ನನ್ನ ಬೀದಿಗೆ ಕರಪತ್ರ ನಾನೇ ಹಂಚುತ್ತೇನೆ ಎಂದಳು.

ಗಿರಿಜಾದೇವಿ, ಕಾಮಾಕ್ಷಿ, ಮೋರೀನ್, ನಾನು, ನಾಲ್ವರೂ ಒಟ್ಟಿಗೇ ಹೊರಟೆವು. ಆಗಲೇ ಕತ್ತಲಾಗುತ್ತಿತ್ತು. ಮೋರೀನ್‌ಳ ಬೀದಿಗೆ ತಿರುಗಿದಾಗ ಅವಳ ಮನೆ ಮುಂದೆ ಒಂದು ಕಾರು ನಿಂತಿತ್ತು. ಕಪ್ಪು ಕೋಟಿನವನೊಬ್ಬ ಮೆಟ್ಟಿಲ ಮೇಲೆ ನಿಂತು ಬೆಲ್ ಒತ್ತುತ್ತಿದ್ದ.

ಮೋರೀನ್ ಅಲ್ಲೇ ಗೋಡೆ ಹಿಡಿದು ಕುಸಿದಳು. ಕಾಮಾಕ್ಷಿ ಅವಳನ್ನು ತಬ್ಬಿಕೊಂಡಳು. ನಾಲಿಗೆ ಚುರುಕಿನವಳೆಂದು ಹೆಸರಾದ ನನ್ನ ಕಾಲು ಕದಲಲಿಲ್ಲ. ಅಷ್ಟರಲ್ಲಿ ಗಿರಿಜಾದೇವಿ ಹೊರಟಳು. ಒಬ್ಬಳೇ, ಸೆರಗು ಬಿಗಿಯಾಗಿ ಹಿಡಿದುಕೊಂಡು, ಆ ಕಪ್ಪು ಕೋಟಿನವನ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಮನೆ ನಂಬರು ನೋಡಿ, ಕೈ ಅಲ್ಲಾಡಿಸಿ, ಕಾರು ಹತ್ತಿದ.

"ಟ್ಯಾಕ್ಸಿಯಾಂವರೀ!" ಅವಳು ಅಲ್ಲಿಂದಲೇ ಕೂಗಿದಳು, ಇಂಗ್ಲಿಷೆಲ್ಲ ಮರೆತು. "ಮನಿ ತಪ್ಪಿ ಬಂದಾನ! ಬರೇ ಟ್ಯಾಕ್ಸಿಯಾಂವ!"

ಓಡುತ್ತಲೇ ವಾಪಸು ಬಂದು ಮೋರೀನ್‌ಳ ಪಕ್ಕ ಫುಟ್‌ಪಾತಿನ ಮೇಲೆ ಕುಕ್ಕರಿಸಿದಳು.

"ನನ್ನ ಕೈ ಹಿಡ್ಕೋರಿ" ಎಂದಳು, "ನನಗ ನಿಲ್ಲಲಿಕ್ಕೆ ಆಗವಲ್ದು."

ಕನ್ನಡ ಒಂದಕ್ಷರ ಬಾರದ ಮೋರೀನ್ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.