ನೀರು ಇಳಿಯುವ ತನಕ

ನನ್ನ ಗಂಡನಿಗೆ ಕಾಡಿನ ಹುಚ್ಚು. ಅಂಥ ಹುಚ್ಚಿನ ಮನುಷ್ಯ ನವಲಗುಂದದ ಕಡೆ ಯಾಕೆ ಹುಟ್ಟಿದರೋ ದೇವರೇ ಬಲ್ಲ. ನಮ್ಮೂರ ಹೊಲದಲ್ಲಿ ನಿಂತು ನೋಡಿದರೆ ಕಣ್ಣು ಸೋಲುವ ತನಕ ಕರಿನೆಲ, ಜೋಳ, ಹತ್ತಿ, ನಡುವೆ ಎಲ್ಲೋ ಒಂದು ಜಾಲಿಗಿಡ. ಅವರು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ರೇಡಿಯೊದಲ್ಲಿ ಹುಲಿ ಉಳಿಸುವ, ಕಾಡು ಕಾಯುವ ಮಾತು ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ಇವರು ನಕಾಶೆ ಬಿಚ್ಚಿಕೊಂಡು ಕೂಡುತ್ತಿದ್ದರು. ಕಾರವಾರದ ಕಡೆ, ಕಡಲಿನೊಳಗೆ ನಾಲಿಗೆಯ ಹಾಗೆ ಚಾಚಿಕೊಂಡ ಒಂದು ನೆಲದ ಮೇಲೆ ಸರಕಾರ ಕಾಯ್ದಿಟ್ಟ ಮೂರು ಕಾಡುಗಳಿವೆಯಂತೆ. ಮೂರನ್ನೂ ನೋಡಲೇಬೇಕೆಂದು ಹಟ.

ಒಂದು ದೀಪಾವಳಿ ಸೂಟಿಯಲ್ಲಿ ಹೊರಟೇಬಿಟ್ಟೆವು. ನಾವಿಬ್ಬರು, ಐದು ತಿಂಗಳ ನಮ್ಮ ಮಗಳು, ಕೂಸನ್ನು ನೋಡಿಕೊಳ್ಳಲು ಅತ್ತೆ, ಹಿಂಗಾರಿ ಬಿತ್ತಿ ಮುಗಿಸಿ ಬಿಡುವಾಗಿದ್ದ ಗಂಡನ ಕಾಕಾ. ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಚಟ್ನಿ. ಕಲಘಟಗಿ ದಾಟುವಾಗಲೇ ಕಾಕಾ ಕಿಟಕಿಯ ಹೊರಗೆ ತಲೆ ಹಾಕಿ, "ಇಷ್ಟ್ ಗಿಡ ಇಟಗೊಂಡು ಇವರು ಬಿತ್ತೂದೆಲ್ಲಿ?" ಎಂದು ಬೇಸರಪಟ್ಟರು.

ಅರಣ್ಯ ಇಲಾಖೆಯ ಸಣ್ಣ ಬಂಗಲೆಯಲ್ಲಿ ಇಳಿದುಕೊಂಡೆವು. ಬಾಜೂಕೆ ಮೀನುಗಾರರ ಹತ್ತೆಂಟು ಮನೆ. ಮೊದಲ ದಿನ ಹಿನ್ನೀರಿನ ಕಾಡು ನೋಡಿದೆವು. ಅಲ್ಲಿ ಗಿಡಗಳು ಬೇರುಗಳನ್ನು ನೀರಿನ ಮೇಲೆತ್ತಿಕೊಂಡು ನಿಂತಿದ್ದವು. ಎರಡನೆಯ ದಿನ ಜಿಂಕೆಗಳಿರುವ ಕಾಡು. ಕೂಸು ಸೊಂಟದ ಮೇಲೇ ಇತ್ತು. ಕೆಂಪು ಬಾಲದ ದೊಡ್ಡ ಅಳಿಲೊಂದು ಒಂದು ಮರದಿಂದ ಇನ್ನೊಂದಕ್ಕೆ ಹಾರಿದ್ದನ್ನು ನೋಡಿ ನಾನು ಕೂಗಿಯೇಬಿಟ್ಟೆ. ಒಂದು ವರ್ಷದಿಂದ ಬಸುರಿ, ಬಾಣಂತಿ ಎಂದು ನಾಲ್ಕು ಗೋಡೆ ನೋಡುತ್ತ ಕೂತವಳಿಗೆ ಆ ಅಳಿಲು ಏನೆನ್ನಿಸಿತೆಂದು ಗಂಡಸರಿಗೆ ತಿಳಿಯಲಾರದು. ಗಂಡನ ಹುಚ್ಚು ನನಗೂ ಹತ್ತಿತು.

ಮೂರನೆಯ ಕಾಡು ನಾಲಿಗೆಯ ತುದಿಯಲ್ಲಿ, ಒಂದು ಗುಡ್ಡದ ಮೇಲೆ. ನಡುವೆ ಮರಳಿನ ಒಂದು ಇಕ್ಕಟ್ಟಾದ ದಾರಿ, ಎರಡೂ ಕಡೆ ಕಡಲು. ಗುಡ್ಡದ ದಾರಿ ಬರೀ ಕಲ್ಲು, ಕೂಸನ್ನು ಹೊತ್ತು ಹತ್ತುವ ಹಾಗಿರಲಿಲ್ಲ. "ನೀ ಬ್ಯಾಡ ಬಿಡವಾ, ಅವರು ನೋಡಿ ಬರಲಿ" ಎಂದು ಅತ್ತೆ ಬಾಯಿಬಿಟ್ಟು ಹೇಳಿದರು. ನಾನು ಕೇಳಲಿಲ್ಲ. ಮುಂಜಾನೆ ಎಂಟಕ್ಕೆ ಹೊಟ್ಟೆ ತುಂಬ ಹಾಲೂಡಿಸಿ, "ಎರಡು ತಾಸಿನ್ಯಾಗ ಬಂದ್ಬಿಡ್ತೀನ್ರಿ" ಎಂದು ಸೆರಗು ಸಿಕ್ಕಿಸಿ ಹೊರಟೆ. ತಪ್ಪು ಯಾರದೂ ಅಲ್ಲ, ನನ್ನದೇ.

ಗುಡ್ಡದ ಮೇಲಿನ ಕಾಡು ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ ಹೊಟ್ಟೆಯ ದೊಡ್ಡ ಹದ್ದೊಂದು ನಮ್ಮ ಕಾಲಕೆಳಗೆ, ಕಡಲಿನ ಮೇಲೆ ತೇಲುತ್ತಿತ್ತು. ಹದ್ದಿನ ಬೆನ್ನು ನೋಡಿದ್ದು ಅದೇ ಮೊದಲು. ಗಂಡ ವಹಿಯಲ್ಲಿ ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ಹನ್ನೊಂದರ ಸುಮಾರಿಗೆ ಇಳಿದು ಬಂದರೆ ಮರಳಿನ ದಾರಿಯೇ ಇಲ್ಲ. ಬಂದ ದಾರಿಯ ಮೇಲೆ ನೀರು ಹರಿದಾಡುತ್ತಿತ್ತು.

ಕಾಕಾ ಒಂದು ಕ್ಷಣ ನೋಡಿ ತೀರ್ಪು ಕೊಟ್ಟರು: "ಮ್ಯಾಲೆ ಎಲ್ಲೋ ಜೋರು ಮಳಿ ಆಗೇತಿ. ಹಳ್ಳ ಬಂತು."

ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಆದರೆ ನಮ್ಮೂರ ಬೆಣ್ಣಿಹಳ್ಳವೂ ಹಾಗೆಯೇ. ಮಳೆ ಹುಬ್ಬಳ್ಳಿಯ ಕಡೆ, ನೆರೆ ನಮ್ಮ ಹೊಲಕ್ಕೆ. ಹಳ್ಳ ಬಂದಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ನೀರಿನ ಅಂಚಿಗೆ ಗುರುತಿಗೆ ಒಂದು ಕಲ್ಲಿಡುವುದು, ಆ ಕಲ್ಲು ಮುಳುಗಿದರೆ ಅದರ ಮೇಲೆ ಇನ್ನೊಂದು. ಕಲ್ಲು ಮತ್ತೆ ಕಂಡು, ಬಿಸಿಲಿಗೆ ಒಣಗುವ ತನಕ ಯಾರೂ ನೀರಿಗೆ ಕಾಲಿಡುವಂತಿಲ್ಲ. ಕಾಕಾ ಕಲ್ಲಿಟ್ಟರು. ಮುಳುಗಿತು. ಎರಡನೆಯದೂ ಮುಳುಗಿತು. ಮೂರನೆಯದೂ ಮುಳುಗಿದ ಮೇಲೆ ರುಮಾಲು ಬಿಚ್ಚಿ ಹಾಸಿ ಕೂತುಬಿಟ್ಟರು.

"ಇನ್ನ ನಾಳಿ ಮುಂಜಾನಿ ಮಾತು."

ನಾನು ಗಂಡನ ಮುಖ ನೋಡಿದೆ. ಅವರು ಗಂಭೀರವಾಗಿ, "ಕಾಕಾ ಹೇಳೂದು ಖರೆ" ಎಂದರು.

"ನಾಳಿ ಮುಂಜಾನಿ ತನಕ ಕೂಸು ಏನ್ ಕುಡೀತೈತ್ರಿ?" ಎಂದೆ.

ಹನ್ನೆರಡಾಯಿತು. ಒಂದಾಯಿತು. ನನ್ನ ಎದೆ ಕಲ್ಲಾಗುತ್ತ ಬಂತು, ಕುಪ್ಪಸ ತೊಯ್ದು ಹೋಯಿತು. ಸೆರಗು ಎಷ್ಟು ಹೊದ್ದರೂ ಸಾಲದು. ಇಲ್ಲಿ ಹಾಲು ಹೀಗೆ ಮಣ್ಣುಪಾಲಾಗುತ್ತಿದೆ, ಅಲ್ಲಿ ಆಚೆ ದಂಡೆಯಲ್ಲಿ ಬಂಗಲೆಯ ಕೆಂಪು ಹಂಚು ಕಾಣುತ್ತಿದೆ, ಅದರ ಕೆಳಗೆ ನನ್ನ ಮಗಳು ಅಳುತ್ತಿದ್ದಾಳೆ. ಅಳಿಲು ನೋಡಿ ಕುಣಿದ ನನ್ನನ್ನು ನಾನೇ ಬೈದುಕೊಂಡೆ. ತಡೆಯಲಾರದೆ ಎದ್ದು ನೀರಿಗೆ ಇಳಿದೇಬಿಟ್ಟೆ. ಮೊಳಕಾಲು, ತೊಡೆ. ಅಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಜಗ್ಗಿದರು. ನೋಡಿದರೆ ಕಾಕಾ. ಮದುವೆಯಾದ ದಿನದಿಂದ ನನ್ನ ಎದುರು ಕತ್ತೆತ್ತಿ ಮಾತಾಡದ ಮನುಷ್ಯ.

"ಎತ್ತು ಕಟ್ಟಿದ ಚಕ್ಕಡಿ ತೇಲಿ ಹೋಗೂದು ನೋಡೇನಿ ನಾ. ನೀ ಹೋದರ ಕೂಸಿಗೆ ಹಾಲು ಕೊಡಾವರು ಯಾರು?"

ನಾನು ದಂಡೆಗೆ ಬಂದು ಕೂತು ಜೋರಾಗಿ ಅತ್ತುಬಿಟ್ಟೆ. ಆ ಸದ್ದಿಗೆ ಬಂಡೆಯ ಹಿಂದಿನಿಂದ ಒಬ್ಬ ಮುದುಕ ಎದ್ದು ಬಂದ. ಅಲ್ಲಿಯೇ ಕೂತು ಕಲ್ಲಿಗೆ ಅಂಟಿದ ಚಿಪ್ಪು ಕೀಳುತ್ತಿದ್ದನಂತೆ.

"ಎಂತಕ್ಕೆ ಅಳ್ತಾರೆ ಇವರು?"

ಕಾಕಾ ಮಳೆಯ ಕತೆ, ಹಳ್ಳದ ಕತೆ ಎಲ್ಲ ಹೇಳಿದರು. ಮುದುಕ ನಾವು ಮೂರು ಕಲ್ಲುಗಳನ್ನಿಟ್ಟ ಜಾಗ ಕೇಳಿ ತಿಳಿದುಕೊಂಡು, ಬುಟ್ಟಿ ಕೆಳಗಿಟ್ಟು ನಗತೊಡಗಿದ.

"ಮಳೆ ಎಂತದೂ ಇಲ್ಲ. ದಿನಾ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ. ನಾಲ್ಕು ಗಂಟೆಗೆ ನಡ್ಕಂಡೇ ಹೋಗಿ. ನಾನೂ ಅದಕ್ಕೇ ಕೂತದ್ದು."

ನನ್ನ ಗಂಡನ ಮುಖವನ್ನು ಆಗ ನೋಡಬೇಕಿತ್ತು. ಪ್ರತಿ ವರ್ಷ ಎಂಟನೆಯ ಇಯತ್ತೆಯ ಹಲಗೆಯ ಮೇಲೆ ಚಂದ್ರನನ್ನು ಬರೆದು, ಕಡಲನ್ನು ಬರೆದು, ಉಬ್ಬರವಿಳಿತವೆಂದರೆ ಏನೆಂದು ಕೇಳಿ, ಹೇಳದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರು! "ಅರೇ, ಹೌದಲ್ಲ" ಎಂದರು, ಅಷ್ಟೇ. ಅಳುವಿನ ನಡುವೆಯೇ ನನಗೆ ನಗು ಬಂತು. ಜತೆಗೇ ಒಂದು ಏಟು ಹಾಕಬೇಕೆಂದೂ ಅನ್ನಿಸಿತು. ಎದೆಯ ಮೇಲಿನ ಅರ್ಧ ಭಾರ ಅಲ್ಲಿಯೇ ಇಳಿಯಿತು. ಮಿಕ್ಕರ್ಧ ಇಳಿಯಲು ನಾಲ್ಕು ಗಂಟೆಯ ತನಕ ಕಾಯಬೇಕಿತ್ತು.

ಮುದುಕ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಲಿಲ್ಲ. ಕಾಕಾ ತಮ್ಮ ಕಲ್ಲು ಒಣಗಿಲ್ಲವೆಂದು ಇನ್ನೂ ಗೊಣಗುತ್ತಿರುವಾಗಲೇ ನಾನು ಮೊಳಕಾಲು ನೀರಿನಲ್ಲಿ ಸೀರೆ ಎತ್ತಿಕೊಂಡು ಓಡಿದೆ.

ಬಂಗಲೆಯ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಅವರ ತೊಡೆಯ ಮೇಲೆ ನನ್ನ ಮಗಳು ಬಾಯಿ ಅರ್ಧ ತೆರೆದು, ಹೊಟ್ಟೆ ತುಂಬಿದ ನಿದ್ದೆಯಲ್ಲಿದ್ದಳು. ಬದುಕಿದೆ ಎಂದುಕೊಂಡೆ. ಎತ್ತಿಕೊಂಡು ಎದೆಗೆ ಹಚ್ಚಿದರೆ ಕುಡಿಯಲೊಲ್ಲದೆ ಮುಖ ತಿರುಗಿಸಿ ಮತ್ತೆ ಮಲಗಿದಳು. ಅತ್ತೆಯ ಪಕ್ಕ ಮೀನುಗಾರರ ಮನೆಯ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಡಿಲಲ್ಲಿ ಇನ್ನೊಂದು ಕೂಸು. ಅದು ಮುಷ್ಟಿ ಚೀಪುತ್ತ ಕಿರಿಕಿರಿ ಅಳುತ್ತಿತ್ತು.

"ಆಕಳ ಹಾಲು ಒಡೀತು. ಕೂಸು ಅತ್ತು ಅತ್ತು ನೀಲಿಗಟ್ಟಿತು. ನಾನ ಹೋಗಿ ಈಕಿನ್ನ ಕೇಳಿದೆ. ಎರಡು ಸಲ ಕೊಟ್ಟಾಳ" ಎಂದರು ಅತ್ತೆ.

ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯದ, ಬೇರೆಯವರ ಮನೆಯ ತಂಬಿಗೆ ಮುಟ್ಟದ ಅತ್ತೆ.

ಅತ್ತೆ ಆ ಕೂಸನ್ನು ತಾವೇ ಎತ್ತಿ ನನ್ನ ತೊಡೆಯ ಮೇಲೆ ಹಾಕಿದರು. "ಇದರ ಪಾಲು ನಮ್ಮದು ಕುಡದೈತಿ. ಇನ್ನ ನೀ ಇದಕ್ಕ ಕೊಡು."

ಗಂಡಸರು ಬರುತ್ತಿದ್ದರು. ಅತ್ತೆ ಎದ್ದು, ನನಗೆ ಅಡ್ಡವಾಗಿ ತಮ್ಮ ಸೆರಗು ಹಿಡಿದು ನಿಂತರು. ಆ ಗಂಡುಕೂಸು ಹಸಿದು ಹಸಿದು ಒಮ್ಮೆಲೇ ಬಾಯಿ ಹಾಕಿತು. ಮಧ್ಯಾಹ್ನದಿಂದ ಕಟ್ಟಿದ್ದ ನೋವು ಸರಸರ ಇಳಿಯತೊಡಗಿತು. ಹಾಯೆನಿಸಿ ಕಣ್ಣು ಮುಚ್ಚಿದೆ. ಆ ಕೂಸಿನ ತಾಯಿ ಹತ್ತಿರ ಸರಿದು, ಸಂಕೋಚದಿಂದ ಮೆಲ್ಲಗೆ ಕೇಳಿದಳು:

"ನಿಮ್ಮ ಕೂಸಿಗೆ ಆಮೇಲೆ ಸಾಕಾಗ್ತದೆಯ?"

"ಸಾಕಾಗ್ತೈತಿ ಯಕ್ಕಾ," ಎಂದೆ. "ಬೇಕಾದಷ್ಟು ಐತಿ."