ಅವ್ವ ತಿರುವಿದ ಮುದ್ದೆ

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯಲ್ಲಿ ದಪ್ಪಗಿದ್ದ ಹುಡುಗಿಯನ್ನು ಯಾರೂ ದಪ್ಪ ಎನ್ನುತ್ತಿರಲಿಲ್ಲ. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ ಎನ್ನುತ್ತಿದ್ದರು. ಆ ಲಕ್ಷಣದ ಹುಡುಗಿ ನಾನು. ಹರವೆಯ ಸ್ಕೂಲಿನಲ್ಲಿ ಟೀಚರು. ಮೂವತ್ತು ತುಂಬಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಮುಟ್ಟು ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ.

ಮೈಸೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಗರ್ಭಕೋಶದ ಒಳಪದರ ಕೆಡುತ್ತಿದೆ ಎಂದರು. ಮಾತ್ರೆ ಬರೆದರು. "ತೂಕ ಇಳಿಸಲೇಬೇಕು. ಮೈಯಲ್ಲಿರೋ ಕೊಬ್ಬೇ ಇದನ್ನ ಬೆಳೆಸ್ತಾ ಇದೆ. ಹೀಗೇ ಬಿಟ್ರೆ ಈ ವಯಸ್ಸಿಗೇ ಕ್ಯಾನ್ಸರ್ ಆಗಬಹುದು. ಆಗ ಗರ್ಭಕೋಶವನ್ನೇ ತೆಗೀಬೇಕಾಗುತ್ತೆ." ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದ ನನಗೆ ಅಷ್ಟು ಸಾಕಾಯಿತು. ಅವ್ವ ಪಕ್ಕದಲ್ಲೇ ಕೂತು ಎಲ್ಲಕ್ಕೂ ತಲೆಯಾಡಿಸಿದಳು.

ಅನ್ನ ಬಿಟ್ಟೆ, ಸ್ವೀಟು ಬಿಟ್ಟೆ. ಎರಡು ಹೊತ್ತೂ ಅವ್ವ ತಿರುವಿದ ರಾಗಿಮುದ್ದೆಯೇ. ಸಂಜೆ ಊಟಿ ರಸ್ತೆಯಲ್ಲಿ ನಡೆದರೆ "ಯಾಕ್ ಟೀಚರ್, ಬಸ್ ತಪ್ಪೋಯ್ತಾ?" ಎಂದು ಸ್ಕೂಟರ್ ನಿಲ್ಲಿಸುವವರ ಕಾಟ. ತೂಕ ನೋಡಲು ಬೆಲ್ಲದ ಮಂಡಿಯಲ್ಲಿ ಮೂಟೆ ತೂಗುವ ಮೆಷಿನ್ನಿನ ಮೇಲೆ ನಿಲ್ಲಬೇಕಿತ್ತು. ಮಂಡಿಯವನಿಗೆ ಅಭ್ಯಾಸಬಲ, ನನ್ನ ತೂಕವನ್ನೂ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮಾನ ಹೋಯಿತೇ ಹೊರತು ತೂಕ ಹೋಗಲಿಲ್ಲ. ಇನ್ನೂ ಒಂದಿಷ್ಟು ಏರಿತು.

"ಮುದ್ದೆ ಯಾಕವ್ವ ಇಷ್ಟು ಹೊಳೀತದೆ?" ಎಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದೆ.

"ಒಸ ರಾಗಿ ಕಣಮ್ಮಿ."

ಒಂದು ಭಾನುವಾರ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅವ್ವ ಹಿಟ್ಟು ತಿರುವುತ್ತಾ ಪಾತ್ರೆಗೆ ತುಪ್ಪದ ಡಬ್ಬ ಬಗ್ಗಿಸುತ್ತಿದ್ದಳು. ಮೈಯೆಲ್ಲ ಉರಿದುಹೋಯಿತು. "ನನ್ನ ಸಾಯಿಸ್ಬೇಕು ಅಂತಿದ್ದೀಯಾ?" ಎಂದು ಕಿರುಚಿದೆ.

"ನಿಮ್ಮತ್ತೆ ಎಂಗಾಗೋಗಿದ್ಲು ಮರ್ತೋದ್ಯಾ? ಮೂಳೆ ಚಕ್ಕಳ! ಕ್ಯಾನ್ಸರು ಬಂದೋರು ಯಾರಾರ ನಿನ್ನಂಗೆ ಗುಂಡಗಿದ್ರಾ? ಸಣ್ಣಗಾದ್ಯೋ, ಅದು ಬಂದ್ಬುಡ್ತದೆ ಕಣಮ್ಮಿ!"

ಚಂದಕವಾಡಿಯ ಸೋದರತ್ತೆ ಕ್ಯಾನ್ಸರಿನಲ್ಲಿ ಸತ್ತಾಗ ಮೈ ತೊಳೆದವಳು ಅವ್ವನೇ. ಮೈ ಕರಗಿದ ಮೇಲೆ ಕಾಯಿಲೆ ಬರುತ್ತದೆ ಎಂದೇ ಅವಳು ತಿಳಿದಿದ್ದಳು. ವಿವರಿಸಿ ವಿವರಿಸಿ ನನ್ನ ಗಂಟಲು ಕಟ್ಟಿತು. ಕೊನೆಗೆ ಹಿಟ್ಟಿನ ದೊಣ್ಣೆಯನ್ನೇ ಕಿತ್ತುಕೊಂಡೆ. ಅಂದಿನಿಂದ ಮುದ್ದೆ ನಾನೇ ಮಾಡಿದೆ, ಬರೀ ಗಂಟು. ತೂಕ ಇಳಿಯತೊಡಗಿತು. ನನ್ನ ಕೊರಳ ಮೂಳೆ ಕಂಡ ದಿನ ಅವ್ವ ದೇವರ ಮುಂದೆ ಕೂತು ಅತ್ತಳು. ಸಮಾಧಾನ ಮಾಡುವಷ್ಟು ತಾಳ್ಮೆ ನನಗೂ ಉಳಿದಿರಲಿಲ್ಲ.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮತ್ತೆ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿದೆವು. "ಒಳಪದರ ಸರಿಹೋಗಿದೆ. ತೂಕ ಮಾತ್ರ ಮತ್ತೆ ಏರಬಾರದು," ಎಂದರು ಡಾಕ್ಟರಮ್ಮ. ಅವ್ವ ಈಗಲೂ ತಲೆಯಾಡಿಸಿದಳು.

ವಾಪಸು ಬಸ್ಸು ನಂಜನಗೂಡು ದಾಟುತ್ತಿದ್ದಂತೆ ಅವಳು ಚೀಲದಿಂದ ಡಬ್ಬಿ ತೆಗೆದಳು. ಹೋಳಿಗೆ, ಅದರ ಮೇಲೆ ಬೆರಳು ಮುಳುಗುವಷ್ಟು ತುಪ್ಪ. ಡಾಕ್ಟರು ಏನು ಹೇಳುತ್ತಾರೋ ಗೊತ್ತಾಗುವ ಮೊದಲೇ, ಬೆಳಿಗ್ಗೆ ಎದ್ದು ಮಾಡಿ ತಂದಿದ್ದಳು.

"ಈಗ ವಾಸಿ ಆಯ್ತಲ್ಲ, ತಿನ್ನು."

ಬೈಯಲು ಬಾಯಿ ತೆರೆದೆ. ಅವ್ವ ತುತ್ತು ಇಟ್ಟುಬಿಟ್ಟಳು.